ಬೇಸಿಗೆ ರಜೆಗೆ ಪಿಎಸ್ 5: ಬಾಡಿಗೆಗೇ ತನ್ನಿ

ಸರ್, ಎರಡು ತಿಂಗಳ ರಜೆಗೆ ಮಗನಿಗೆ ಪಿಎಸ್ 5 (ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಸೋನಿ ಯಂತ್ರ) ಕೊಳ್ಳಬೇಕಾ, ಬಾಡಿಗೆಗೆ ತರಬೇಕಾ ಅಂತ ಕೇಳಿದ್ದೀರಿ. ಬಾಡಿಗೆಗೇ ತನ್ನಿ. ಶಾಲೆ ಶುರುವಾದ ಮೇಲೆ ನಮ್ಮನೆಯದು ಸುಮ್ನೆ ಧೂಳು ಹಿಡಿಯುತ್ತಿದೆ. 2021ರಲ್ಲಿ ಭಾರತಕ್ಕೆ ಬಂದಾಗಲೇ ಡಿಸ್ಕ್ ಮಾಡೆಲ್‌ಗೆ 49,990 ರೂಪಾಯಿ ಇತ್ತು, ಆಟಗಳ ಖರ್ಚು ಬೇರೆ.

ಡಿಸ್ಕ್ ಹಾಕುವ ಮಾಡೆಲನ್ನೇ ಕೇಳಿ. ಆಗ ಆಟಗಳನ್ನೂ ಬಾಡಿಗೆಗೆ ತರಬಹುದು. ತಂದ ಕೂಡಲೇ ಕಂಟ್ರೋಲರ್ ನೋಡಿ. ಕೈ ಇಡದಿದ್ದರೂ ಆಟದಲ್ಲಿರುವವನು ತಾನಾಗಿ ನಡೆದರೆ ಕಂಟ್ರೋಲರ್ ಮೇಲಿನ ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಗುಬುಟು) ಹಾಳಾಗಿದೆ ಅಂತ ಅರ್ಥ. ಆಗಲೇ ವಿಡಿಯೋ ಮಾಡಿ ಅಂಗಡಿಯವರಿಗೆ ಕಳಿಸಿ, ಇಲ್ಲದಿದ್ದರೆ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳಬಹುದು.

ಇನ್ನೊಂದು ವಿಷಯ, ಪಿಎಸ್ 5 ಆಟಗಳ ಸೇವ್ (ಆಟ ಎಲ್ಲಿವರೆಗೆ ಬಂದಿದೆ ಅನ್ನುವ ದಾಖಲೆ) ಪೆನ್‌ಡ್ರೈವ್‌ಗೆ ಕಾಪಿ ಆಗುವುದಿಲ್ಲ. ಸೋನಿಯ ಪಿಎಸ್ ಪ್ಲಸ್ ಚಂದಾ ಇದ್ದರೆ ಮಾತ್ರ ಅದು ಕ್ಲೌಡ್‌ನಲ್ಲಿ ಉಳಿಯುತ್ತದೆ. ಮಗನಿಗೆ ಇದನ್ನು ಮೊದಲೇ ಹೇಳಿಬಿಡಿ, ಪಾಪ, ಯಂತ್ರ ವಾಪಸ್ ಹೋದ ಮೇಲೆ ಬೇಜಾರಾಗುತ್ತದೆ. ವಾಪಸ್ ಕೊಡುವ ಮುಂಚೆ ಅವನ ಅಕೌಂಟ್ ಅದರಿಂದ ತೆಗೆಯಿರಿ.