1603 ಬಂದರೆ ಫಾರ್ಮ್ಯಾಟ್ ಮಾಡಿಸಬೇಕಾ?

ಪ್ರಶ್ನೆ: ಸರ್, ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಇತ್ತೀಚೆಗೆ ಕಲಿತಿದ್ದು. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕುವಾಗ ಅರ್ಧಕ್ಕೆ ಕರೆಂಟ್ ಹೋಯಿತು. ಈಗ ಎಷ್ಟು ಸಲ ಹಾಕಿದರೂ ಕೊನೆಗೆ 1603 ಅಂತ ಬಂದು ನಿಲ್ಲುತ್ತದೆ. ಗೆಳೆಯರೊಬ್ಬರು ಕಮಾಂಡ್‌ನಿಂದ ಹಾಕ್ರಿ ಅಂದರು. ಹಾಕಿದೆ, 1619 ಬಂತು. ವಿಂಡೋಸ್ ಫಾರ್ಮ್ಯಾಟ್ ಮಾಡಿಸಬೇಕೇನ್ರೀ?
- ಓದುಗ, ಕಲಬುರಗಿ

ಉತ್ತರ: ಫಾರ್ಮ್ಯಾಟ್ ಬೇಡ್ರಿ, ಸದ್ಯಕ್ಕಂತೂ ಬೇಡ. 1603 ಅಂದರೆ 'ಇನ್‌ಸ್ಟಾಲ್ ಕೆಟ್ಟಿತು' ಅಂತ ಅಷ್ಟೇ, ಯಾಕೆ ಕೆಟ್ಟಿತು ಅನ್ನುವುದು ಅದರಲ್ಲಿ ಇಲ್ಲ. ಆ 'ಯಾಕೆ' ಅನ್ನುವುದನ್ನು ಬರೆದಿಡು ಅಂತ ಇನ್‌ಸ್ಟಾಲರ್‌ಗೆ ನಾವೇ ಹೇಳಬೇಕು. ಕಮಾಂಡ್ ಬೇಕಾಗುವುದು ಅದಕ್ಕೇ.

ಮೊದಲು ನಿಮ್ಮ 1619. ಇನ್‌ಸ್ಟಾಲ್ ಮಾಡುವ ಫೈಲ್ ತೆರೆಯಲು ಆಗಲಿಲ್ಲ ಅಂತ ಅದರ ಅರ್ಥ. ಕಮಾಂಡ್ ಪ್ರಾಂಪ್ಟನ್ನು (ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲಿ ನಿಂತಿರುತ್ತದೆ. ನಿಮ್ಮ ಫೈಲ್ ಇರುವುದು ಬಹುಶಃ ಡೌನ್‌ಲೋಡ್ಸ್‌ನಲ್ಲಿ. ಬರೀ ಹೆಸರು ಕೊಟ್ಟರೆ ಅದಕ್ಕೆ ಹೇಗೆ ಸಿಗಬೇಕು ಹೇಳಿ? ಶಿಫ್ಟ್ ಒತ್ತಿಕೊಂಡು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಕಾಪಿ ಆಸ್ ಪಾತ್' ಆರಿಸಿ. ಪೂರ್ತಿ ವಿಳಾಸ ಉದ್ಧರಣ ಚಿಹ್ನೆಯ ಸಮೇತ ಬರುತ್ತದೆ. ಫೈಲನ್ನು ಎಳೆದು ಆ ಕಪ್ಪು ಕಿಟಕಿಗೆ ಬಿಡೋಣ ಅಂತ ಹೋಗಬೇಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಅದು ನಡೆಯುವುದಿಲ್ಲ.

ಇನ್‌ಸ್ಟಾಲರ್ ಏನೇನು ಮಾಡಿತು ಅಂತ ಬರೆದಿಡುವ ದಾಖಲೆಗೆ ಲಾಗ್ ಅಂತಾರೆ. ಈಗ ಸಿ ಡ್ರೈವ್‌ನಲ್ಲಿ 'ಲಾಗ್' ಅಂತ ಇಂಗ್ಲಿಷ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಮೊದಲೇ ಮಾಡಿಡಿ, ಇಲ್ಲದಿದ್ದರೆ 1622 ಅಂತ ಇನ್ನೊಂದು ತಕರಾರು ಶುರುವಾಗುತ್ತದೆ. ಆಮೇಲೆ ಕಮಾಂಡ್. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು: ಎಂ-ಎಸ್-ಐ-ಇ-ಎಕ್ಸ್-ಇ-ಸಿ (ನಡುವೆ ಗೆರೆ ಬೇಡ), ಒಂದು ಸ್ಪೇಸ್, ಸ್ಲ್ಯಾಶ್ ಐ, ಸ್ಪೇಸ್, ಕಾಪಿ ಮಾಡಿದ ವಿಳಾಸ, ಸ್ಪೇಸ್, ಸ್ಲ್ಯಾಶ್ ಎಲ್ ಸ್ಟಾರ್ ವಿ (ನಡುವೆ ಸ್ಪೇಸ್ ಬೇಡ), ಸ್ಪೇಸ್, ಕೊನೆಗೆ ಲಾಗ್ ಫೋಲ್ಡರ್‌ನ ವಿಳಾಸ, ಒಂದು ಬ್ಯಾಕ್‌ಸ್ಲ್ಯಾಶ್ ಮತ್ತು ಲಾಗ್ ಫೈಲ್‌ಗೆ ಒಂದು ಹೆಸರು. ಸ್ಲ್ಯಾಶ್ ಅಂದರೆ ಪ್ರಶ್ನೆಚಿಹ್ನೆ ಇರುವ ಕೀಯಲ್ಲಿರುವುದು. ವಿಳಾಸದ ಒಳಗೆ ಬರುವುದು ಬೇರೆ, ಬ್ಯಾಕ್‌ಸ್ಲ್ಯಾಶ್. ಜಾಸ್ತಿ ಜನ ಎಡವುವುದು ಇಲ್ಲೇ. ಐ ಅಂದರೆ ಇನ್‌ಸ್ಟಾಲ್ ಮಾಡು, ಎಲ್ ಅಂದರೆ ಲಾಗ್ ಬರೆ, ಸ್ಟಾರ್ ಮತ್ತು ವಿ ಅಂದರೆ ಒಂದನ್ನೂ ಬಿಡದೆ ವಿವರವಾಗಿ ಬರೆ. ಯಾರಾದರೂ ಸ್ಲ್ಯಾಶ್ ಕ್ಯೂ ಎನ್ ಸೇರಿಸಿ ಅಂದರೆ ಈಗ ಬೇಡ, ಅದು ಪರದೆಯ ಮೇಲೆ ಏನನ್ನೂ ತೋರಿಸದೆ ಸುಮ್ನೆ ಕೆಲಸ ಮಾಡುತ್ತದೆ, ತಪ್ಪು ಹುಡುಕುವಾಗ ನಮಗೆ ಬೇಕಾಗಿರುವುದು ಅದರ ಉಲ್ಟಾ ಅಲ್ವಾ?

ಇದೆಲ್ಲ ಫೈಲ್ ಹೆಸರಿನ ಕೊನೆಯಲ್ಲಿ ಎಂಎಸ್‌ಐ ಅಂತ ಇದ್ದರೆ ಮಾತ್ರ. ಇಎಕ್ಸ್‌ಇ ಆದರೆ ಒಂದೊಂದರ ಆಯ್ಕೆ ಒಂದೊಂದು ಥರ. ಅದರ ಹೆಸರಾದ ಮೇಲೆ ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಮತ್ತು ಪ್ರಶ್ನೆಚಿಹ್ನೆ ಹಾಕಿ ನೋಡಿ, ಹಲವು ಇನ್‌ಸ್ಟಾಲರ್‌ಗಳು ಆಯ್ಕೆಗಳ ಪಟ್ಟಿ ತೋರಿಸುತ್ತವೆ.

ಮತ್ತೆ 1603 ಬರಲಿ, ಚಿಂತೆಯಿಲ್ಲ. ಲಾಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸಾವಿರಾರು ಸಾಲು ಇರಬಹುದು, ಓದುತ್ತಾ ಕೂರಬೇಡಿ. ಕಂಟ್ರೋಲ್ ಎಫ್ ಒತ್ತಿ 'ರಿಟರ್ನ್ ವ್ಯಾಲ್ಯೂ 3' ಅಂತ ಇಂಗ್ಲಿಷ್‌ನಲ್ಲಿ ಹುಡುಕಿ. ಮೊದಲು ಸಿಗುವ ಜಾಗದ ಮೇಲಿನ ಹತ್ತಿಪ್ಪತ್ತು ಸಾಲಿನಲ್ಲೇ ಸಾಮಾನ್ಯವಾಗಿ ಕಾರಣ ಇರುತ್ತದೆ. ಹಳೆಯ ಆವೃತ್ತಿ ತೆಗೆಯಲು ಆಗಲಿಲ್ಲ ಅಂತ ಇರಬಹುದು, ಕರೆಂಟ್ ಹೋದ ಕಥೆ ನೋಡಿದರೆ ನನ್ನ ಅನುಮಾನ ಅದರ ಮೇಲೇ. ಫೋಲ್ಡರ್‌ಗೆ ಅನುಮತಿ ಇಲ್ಲ ಅಂತಲೂ ಇರಬಹುದು, ಹಾಗಿದ್ದರೆ ಆ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿಗೆ ಹೋಗಿ 'ಸಿಸ್ಟಮ್' ಅನ್ನುವ ಖಾತೆಗೆ ಫುಲ್ ಕಂಟ್ರೋಲ್ ಕೊಡಿ.

ಹಳೆಯದನ್ನು ತೆಗೆಯಬೇಕಾಗಿ ಬಂದರೆ ಅದಕ್ಕೆ ಮೊದಲು ಮಿಲ್‌ನ ಲೆಕ್ಕದ ಡೇಟಾವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸಾಫ್ಟ್‌ವೇರ್ ಮತ್ತೆ ಸಿಗುತ್ತದೆ, ತೊಗರಿ ಸೀಸನ್ನಿನ ಬಿಲ್ಲುಗಳು ಸಿಗುವುದಿಲ್ಲ. ಅಷ್ಟಾದರೂ ಆಗದಿದ್ದರೆ ಆ ಇಪ್ಪತ್ತು ಸಾಲನ್ನು ಕಾಪಿ ಮಾಡಿ ನಮಗೆ ಕಳಿಸಿ, ಅದರಲ್ಲಿ ನಿಮ್ಮ ಹೆಸರು ಇದ್ದರೆ ಅಳಿಸಿ. ಪರದೆಯ ಫೋಟೋ ಮಾತ್ರ ದಯವಿಟ್ಟು ಬೇಡ, ಅಕ್ಷರ ಕಾಣುವುದಿಲ್ಲ.