ಕಣ್ಣಿಗೆ ಕಾಸ್ಟಿಕ್ ಸಿಡಿದರೆ ಎಷ್ಟು ಹೊತ್ತು ತೊಳೆಯಬೇಕು?

ಪ್ರಶ್ನೆ: ನಾನು ಶಿವಮೊಗ್ಗದ ಹೊರವಲಯದ ಒಂದು ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕುವ) ಘಟಕದಲ್ಲಿ ಕೆಲಸ ಮಾಡುತ್ತೇನೆ. ಕಳೆದ ಡಿಸೆಂಬರಿನಲ್ಲಿ ಬೆಳಗಿನ ಪಾಳಿಯಲ್ಲಿದ್ದಾಗ ಜೊತೆಗಾರನ ಕಣ್ಣಿಗೆ ಕಾಸ್ಟಿಕ್ ಸೋಡಾ ದ್ರಾವಣ ಸಿಡಿಯಿತು. ಕಣ್ಣು ತೊಳೆಯಲೆಂದೇ ಇಟ್ಟ ನೀರಿನ ಸಲಕರಣೆಯಾದ ಐ ವಾಶ್‌ನಲ್ಲಿ ಎರಡು ನಿಮಿಷ ತೊಳೆದೆವು. ನೀರು ಕೊರೆಯುತ್ತಿದ್ದುದರಿಂದ ಅಷ್ಟಕ್ಕೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದೆವು. ಇನ್ನೂ ಬಹಳ ಹೊತ್ತು ತೊಳೆಯಬೇಕಾಗಿತ್ತೆಂದು ವೈದ್ಯರು ಹೇಳಿದರು. ಬೇಗನೆ ಆಸ್ಪತ್ರೆ ಸೇರುವುದೇ ಮುಖ್ಯವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಆಸ್ಪತ್ರೆಗೆ ಹೋಗಲೇಬೇಕು, ಆದರೆ ಕನಿಷ್ಠ 15 ನಿಮಿಷ ಎಡೆಬಿಡದೆ ತೊಳೆದ ಮೇಲೆ. ಆಮ್ಲ ಕಣ್ಣಿಗೆ ಬಿದ್ದರೆ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಅದು ಇನ್ನೂ ಒಳಗಿಳಿಯುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕಾಸ್ಟಿಕ್ ಸೋಡಾ ಹಾಗಲ್ಲ. ಅದು ಜೀವಕೋಶಗಳ ಕೊಬ್ಬನ್ನೇ ಸಾಬೂನಿನಂತೆ ಕರಗಿಸುತ್ತ ಒಳಗೊಳಗೇ ಸಾಗುವುದರಿಂದ, ನೋವು ಕಡಿಮೆಯಾದಂತೆ ಕಂಡ ಮೇಲೂ ಹಾನಿ ಮುಂದುವರಿಯುತ್ತಿರುತ್ತದೆ. ವಾಹನದಲ್ಲಿ ಕಳೆಯುವ ಇಪ್ಪತ್ತು ನಿಮಿಷವೂ ಅದು ಕಣ್ಣನ್ನು ಸುಡುತ್ತಲೇ ಇರುತ್ತದೆ. ಅದನ್ನು ಹೊರಹಾಕಲು ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿರುವುದು ನೀರೊಂದೇ.

ತೊಳೆಯುವುದಕ್ಕೂ ಕ್ರಮವಿದೆ. ನೋವಿನಲ್ಲಿ ರೆಪ್ಪೆಗಳು ತಾವಾಗಿಯೇ ಬಿಗಿದುಕೊಳ್ಳುವುದರಿಂದ ಬೆರಳುಗಳಿಂದ ಅವನ್ನು ಅಗಲಿಸಿ ಹಿಡಿದು, ಕಣ್ಣುಗುಡ್ಡೆಯನ್ನು ಮೇಲೆ, ಕೆಳಗೆ, ಎರಡೂ ಪಕ್ಕಕ್ಕೆ ಹೊರಳಿಸುತ್ತಿರಬೇಕು. ಒಂದೇ ಕಣ್ಣಿಗೆ ಬಿದ್ದಿದ್ದರೆ ನೀರು ಮೂಗಿನ ಕಡೆಯಿಂದ ಹೊರಗಡೆಗೆ ಹರಿಯುವಂತೆ ತಲೆ ಓರೆ ಮಾಡಬೇಕು, ಇಲ್ಲವಾದರೆ ಇನ್ನೊಂದು ಕಣ್ಣಿಗೂ ರಾಸಾಯನಿಕ ಇಳಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಬೇಕು. ಗಾಯಗೊಂಡವರಿಗೆ ಕಣ್ಣು ಕಾಣುವುದಿಲ್ಲ, ಜೊತೆಗೆ ಗಾಬರಿ ಬೇರೆ. ಆದ್ದರಿಂದ ಒಬ್ಬರು ಅವರ ಹೆಗಲು ಹಿಡಿದು ನಿಂತು ಗಡಿಯಾರ ನೋಡುತ್ತಿರಲಿ, ಇನ್ನೊಬ್ಬರು ವಾಹನಕ್ಕೆ ಫೋನ್ ಮಾಡಲಿ. ಮೈಮೇಲೆ ಚೆಲ್ಲಿದ್ದರೆ ಘಟಕದ ತುರ್ತು ಶವರಿನ ಕೆಳಗೆ ನಿಂತೇ ಬಟ್ಟೆ ಕಳಚಬೇಕು, ಏಕೆಂದರೆ ನೆನೆದ ಬಟ್ಟೆ ರಾಸಾಯನಿಕವನ್ನು ಚರ್ಮಕ್ಕೆ ಅಂಟಿಸಿಡುತ್ತದೆ. ಸಂಕೋಚದಿಂದ ಬಟ್ಟೆ ತೆಗೆಯದೆ ಸುಟ್ಟುಕೊಂಡ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಅಲ್ಲೊಂದು ಪರದೆ ಕಟ್ಟಿ, ಒಂದು ಹೊದಿಕೆ ಇಡಲು ಎಷ್ಟು ಖರ್ಚಾದೀತು?

ನೀವು ಹೇಳಿದ ತಣ್ಣೀರಿನ ವಿಷಯ ಬಹಳ ಮುಖ್ಯವಾದುದು. ಈ ಸಲಕರಣೆಗಳಿಗೆ ಹೆಚ್ಚಾಗಿ ಅನುಸರಿಸುವ ಅಮೆರಿಕದ ಮಾನದಂಡವು ನೀರಿನ ಉಷ್ಣತೆ 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆನ್ನುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ತಾರಸಿಯ ಟ್ಯಾಂಕಿನ ನೀರಿನಡಿ 15 ನಿಮಿಷ ನಿಲ್ಲುವುದು ಗಟ್ಟಿ ಆಳಿಗೂ ಕಷ್ಟ. ಏಪ್ರಿಲಿನ ಮಧ್ಯಾಹ್ನ ಅದೇ ಕಪ್ಪು ಟ್ಯಾಂಕಿನ ನೀರು ಕೈ ಸುಡುತ್ತದೆ. ಟ್ಯಾಂಕಿಗೆ ನೆರಳು ಮಾಡುವುದು, ಪೈಪಿಗೆ ಹೊದಿಕೆ ಸುತ್ತುವುದು, ಚಳಿಗಾಲಕ್ಕೆ ನೀರನ್ನು ಉಗುರುಬೆಚ್ಚಗಿಡುವ ಏರ್ಪಾಡು ಮಾಡುವುದು ಮಾಲೀಕರ ಹೊಣೆ. ಟ್ಯಾಂಕಿನ ಅಳತೆಯನ್ನೂ ಕೇಳಿ ನೋಡಿ: ಶವರಿಗೆ ನಿಮಿಷಕ್ಕೆ ಸುಮಾರು 75 ಲೀಟರ್ ಬೇಕಾದ್ದರಿಂದ 15 ನಿಮಿಷಕ್ಕೆ 1,125 ಲೀಟರ್ ಆಗುತ್ತದೆ, ಸಾವಿರ ಲೀಟರಿನ ಟ್ಯಾಂಕು ತುಂಬಿದ್ದರೂ ಸಾಲದು. ಐ ವಾಶ್‌ಗೆ ನಿಮಿಷಕ್ಕೆ ಒಂದೂವರೆ ಲೀಟರ್ ಸಾಕು. ಗೋಡೆಗೆ ತೂಗುಹಾಕುವ ಅರ್ಧ ಲೀಟರಿನ ಬಾಟಲಿ, ಐ ವಾಶ್ ತಲುಪುವವರೆಗಿನ ಆಸರೆ ಮಾತ್ರ.

ಐ ವಾಶ್ ಮತ್ತು ಶವರನ್ನು ಅಪಾಯದ ಜಾಗದಿಂದ ಹತ್ತು ಸೆಕೆಂಡಿನಲ್ಲಿ ತಲುಪುವಂತಿರಬೇಕೆಂದು ಅದೇ ಮಾನದಂಡ ಹೇಳುತ್ತದೆ. ನಾನು ನೋಡಿದ ಒಂದು ಘಟಕದಲ್ಲಿ ಶವರಿನ ಕೆಳಗೆ ಗೋಣಿಚೀಲಗಳ ರಾಶಿಯಿತ್ತು, ಎಳೆಯುವ ಹಿಡಿಗೆ ಯಾರದೋ ಊಟದ ಚೀಲ ತೂಗುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ವಾರಕ್ಕೊಮ್ಮೆ ತೆರೆದು ನೀರು ಹರಿಸಬೇಕು, ನಿಂತ ನೀರೂ ಪೈಪಿನ ತುಕ್ಕೂ ಆಗಲೇ ಹೊರಹೋಗಲಿ, ಗಾಯಗೊಂಡವರ ಕಣ್ಣಿಗೆ ಹೋಗುವುದು ಬೇಡ.

ಪ್ರಶ್ನೆ: ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ (ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಶಿಲೀಂಧ್ರನಾಶಕ) ಕಲಸುವಾಗ ಸುಣ್ಣ ಕಣ್ಣಿಗೆ ಸಿಡಿಯುವುದುಂಟು. ಹರಳೆಣ್ಣೆ ಅಥವಾ ನಂದಿಬಟ್ಟಲು ಹೂವಿನ ರಸ ಬಿಡಿ ಎಂದು ಹಿರಿಯರು ಹೇಳುತ್ತಾರೆ. ತೋಟದಲ್ಲಿ ಐ ವಾಶ್ ಎಲ್ಲಿಂದ ತರುವುದು?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹಿರಿಯರ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಎಣ್ಣೆಯೂ ಬೇಡ, ರಸವೂ ಬೇಡ, ಹಾಲೂ ಬೇಡ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುವಲ್ಲಿ ಕಣ್ಣಿಗೆ ಹೆಚ್ಚು ಅಪಾಯಕಾರಿಯಾದುದು ಸುಣ್ಣವೇ. ಅದೂ ಕಾಸ್ಟಿಕ್ಕಿನಂತೆ ಕ್ಷಾರ, ಮೇಲಾಗಿ ಅದರ ಹರಳು ರೆಪ್ಪೆಯ ಒಳಗೆ ಸಿಕ್ಕಿಕೊಂಡು ಸುಡುತ್ತಲೇ ಇರುತ್ತದೆ. ಮಳೆಗಾಲಕ್ಕೆ ಮುಂಚಿನ ಮೊದಲ ಔಷಧಿಯ ಹೊತ್ತಿಗೆ, ಕಲಸುವ ಡ್ರಮ್ಮಿನ ಪಕ್ಕದಲ್ಲೇ ಅಬ್ಬಿ (ಗುಡ್ಡದಿಂದ ತಾನಾಗಿ ಹರಿದುಬರುವ) ನೀರಿನ ಪೈಪಿನ ಬಾಯಿ ಬರುವಂತೆ ಮಾಡಿಕೊಳ್ಳಿ. ಅಬ್ಬಿ ಇಲ್ಲದವರು ಎರಡು ಕೊಡ ಶುದ್ಧ ನೀರನ್ನೂ ಒಂದು ಚೊಂಬನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಆ ನೀರನ್ನು ಔಷಧಿಗೆ ಬಳಸಬೇಡಿ. ನೀರು ರಭಸವಾಗಿ ಬಡಿಯಬಾರದು, ಮೆಲ್ಲಗೆ ಧಾರೆಯಾಗಿ ಬೀಳಬೇಕು. ಚರ್ಮದ ಮೇಲೆ ಒಣ ಸುಣ್ಣದ ಪುಡಿ ಬಿದ್ದಿದ್ದರೆ ಮೊದಲು ಕೊಡವಿ, ಆಮೇಲೆ ತೊಳೆಯಿರಿ. ಕಣ್ಣಿಗಾದರೆ ಕಾಯದೆ ನೀರು ಹಾಕುತ್ತ, ಕಾಣುವ ಹರಳನ್ನು ಶುದ್ಧ ಬಟ್ಟೆಯ ತುದಿಯಿಂದ ತೆಗೆಯಿರಿ. 15 ನಿಮಿಷ ಕಳೆದ ಮೇಲೆ ಕಣ್ಣಿನ ವೈದ್ಯರಲ್ಲಿಗೆ ಹೊರಡಿ. ದಾರಿ ದೂರವಿದ್ದರೆ ಚೊಂಬು, ನೀರು ವಾಹನದಲ್ಲೂ ಇರಲಿ. ಕಣ್ಣಿಗೆ ಬಿದ್ದದ್ದು ಸುಣ್ಣವೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ರೆಪ್ಪೆ ಮಗುಚಿ ಉಳಿದ ಹರಳನ್ನು ಹುಡುಕಬೇಕೆಂದು ಅವರಿಗೆ ಅದರಿಂದಲೇ ತಿಳಿಯುತ್ತದೆ.