ಚಾವಿ ಕೊಡುವ ಬೋಲೆಕ್ಸ್ ಕ್ಯಾಮರಾದ ಸದ್ದು ಕಡಿಮೆ ಮಾಡುವುದು ಹೇಗೆ?

ನಿಮ್ಮ ಹತ್ತಿರ ಹಳೆ 16 ಎಂಎಂ ಬೋಲೆಕ್ಸ್ (ಸ್ಪ್ರಿಂಗಿಗೆ ಚಾವಿ ಕೊಟ್ಟು ಓಡಿಸುವ ಫಿಲ್ಮ್ ಕ್ಯಾಮರಾ) ಇದೆ, ಮನೆಯೊಳಗೆ ಇಬ್ಬರು ಮಾತಾಡುವ ಸೀನ್ ಇದೆ, ಡಬ್ಬಿಂಗಿಗೆ ದುಡ್ಡಿಲ್ಲ. ಸ್ಪ್ರಿಂಗಿನ ಬದಲು ಮೋಟರ್ ಹಾಕಿಸಿದರೆ ಸದ್ದು ನಿಲ್ಲುತ್ತಾ ಅಂತ ಕೇಳಿದ್ದೀರಿ, ಅಲ್ವಾ? ನಿಲ್ಲುವುದಿಲ್ಲ. ಸದ್ದಿನಲ್ಲಿ ಒಂದು ದೊಡ್ಡ ಪಾಲು ಫಿಲ್ಮಿನದ್ದು. ಸೆಕೆಂಡಿಗೆ 24 ಸಲ ಒಂದು ಕೊಕ್ಕೆ ಫಿಲ್ಮನ್ನು ಎಳೆದು ನಿಲ್ಲಿಸುತ್ತದಲ್ಲ, ಅದು. ಖಾಲಿ ಕ್ಯಾಮರಾ ಓಡಿಸಿ, ಆಮೇಲೆ ಫಿಲ್ಮ್ ಹಾಕಿ ಓಡಿಸಿ, ವ್ಯತ್ಯಾಸ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಟಕಟಕ ಜಾಸ್ತಿಯಾದರೆ ಲೂಪ್ (ಕೊಕ್ಕೆಯ ಹತ್ತಿರ ಫಿಲ್ಮಿಗೆ ಬಿಡುವ ಸಡಿಲ ಬಳುಕು) ಕಳಚಿರಬಹುದು ಅಂತ ಅರ್ಥ, ನಿಲ್ಲಿಸಿ ನೋಡಿ.

ನಾನು ತೊಂಬತ್ತರ ದಶಕದಲ್ಲಿ ಕ್ಯಾಮರಾ ಅಸಿಸ್ಟೆಂಟ್ ಆಗಿದ್ದೆ. ಆಗಿನ ಆರಿ 2ಸಿ ಕ್ಯಾಮರಾ ಹೊಲಿಗೆ ಮಿಷನ್ನಿನ ಹಾಗೆ ಕೂಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸೆಟ್ಟಿನಲ್ಲಿ ತೆಗೆದದ್ದು ಬರೀ ಪೈಲಟ್ ಟ್ರ್ಯಾಕ್, ಅಂದರೆ ಡಬ್ಬಿಂಗಿಗೆ ದಾರಿ ತೋರಿಸುವ ಕಚ್ಚಾ ರೆಕಾರ್ಡಿಂಗ್, ಮಾತೆಲ್ಲ ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ. ಒಮ್ಮೆ ಮಾತ್ರ ಸಣ್ಣ ಸಾಕ್ಷ್ಯಚಿತ್ರಕ್ಕೆ ನೇರ ಸೌಂಡ್ ಬೇಕಾಗಿ ಕ್ಯಾಮರಾಗೆ ಕಂಬಳಿ ಹೊದಿಸಿದೆ. ಸದ್ದೇನೋ ಇಳಿಯಿತು, ಆದರೆ ಕಂಬಳಿಯ ತುದಿ ಲೆನ್ಸಿನ ಮುಂದೆ ಇಳಿಬಿದ್ದು ಇಡೀ ಶಾಟ್ ಹಾಳಾಯಿತು, ಬೈಸಿಕೊಂಡೆ. ನೀವು ದಪ್ಪ ರಜಾಯಿಯಲ್ಲೇ ಒಂದು ಚೀಲ ಹೊಲಿಸಿ, ಲೆನ್ಸಿಗೆ ಮತ್ತು ವ್ಯೂಫೈಂಡರಿಗೆ ತೂತು ಬಿಡಿಸಿ.

ಆದರೆ ಮೊದಲ ಕೆಲಸ ಕಂಬಳಿಯದ್ದಲ್ಲ, ಮೈಕಿನದ್ದು. ಮೈಕ್ ಮತ್ತು ಬಾಯಿಯ ನಡುವಿನ ದೂರ ಅರ್ಧ ಮಾಡಿದರೆ ಮಾತು ಸುಮಾರು 6 ಡೆಸಿಬೆಲ್ ಮೇಲೇಳುತ್ತದೆ. ಇದು ಪುಕ್ಕಟೆ. ಕ್ಯಾಮರಾ ಹಿಂದಕ್ಕೆ ಸರಿಸಿದರೂ ಲಾಭವಿದೆ, ಆದರೆ ಕೋಣೆಯೊಳಗೆ ಅಷ್ಟಿಲ್ಲ, ಬೋಳು ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ. ಫ್ರೇಮಿಗೆ ಬೀಳದ ಕಡೆಯೆಲ್ಲ ಜಮಖಾನ, ಹಾಸಿಗೆ ಹರಡಿ. ಕಾರ್ಡಿಯಾಯ್ಡ್ ಮೈಕಾದರೆ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ಅದರ ಬೆನ್ನು ಕ್ಯಾಮರಾ ಕಡೆಗಿರಲಿ, ಬೆನ್ನಿಗೆ ಕಿವಿ ಮಂದ.

ನನಗೆ ಎಲ್ಲಕ್ಕಿಂತ ಇಷ್ಟದ ಉಪಾಯ ಕಿಟಕಿ. ಕ್ಯಾಮರಾವನ್ನು ಹೊರಗೆ ಜಗುಲಿಯಲ್ಲಿಟ್ಟು, ಮುಚ್ಚಿದ ಕಿಟಕಿಯ ಗಾಜಿನ ಮೂಲಕ 50 ಅಥವಾ 75 ಎಂಎಂ ಲೆನ್ಸಿನಲ್ಲಿ ತೆಗೆಯಿರಿ, ಗಾಜಿನಲ್ಲಿ ನೀವೇ ಕಾಣಿಸದ ಹಾಗೆ ಬೆನ್ನಿಗೆ ಕಪ್ಪು ಬಟ್ಟೆ ಕಟ್ಟಿ. ಗಾಜು ಒರೆಸುವುದು ಮರೆಯಬೇಡಿ!

ಇನ್ನೊಂದು ತಲೆನೋವು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಪ್ರಿಂಗಿನ ವೇಗ ಒಂದೇ ಸಮ ಇರುವುದಿಲ್ಲ. ಒಂದು ಚಾವಿಗೆ ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಅರ್ಧ ನಿಮಿಷವೂ ಓಡದು, ಅಷ್ಟರಲ್ಲೇ ತುಟಿ ಮತ್ತು ಮಾತು ಬೇರೆಯಾಗಬಹುದು. ಅದಕ್ಕೇ ತುಟಿ ಕಾಣುವ ಶಾಟ್ ಚಿಕ್ಕದಿರಲಿ, ಉಳಿದ ಮಾತು ಕೇಳುವವರ ಮುಖದ ಮೇಲೆ ಬರಲಿ. ಪ್ರತಿ ಶಾಟ್ ಮುಗಿದ ಕೂಡಲೇ ಕ್ಯಾಮರಾ ನಿಲ್ಲಿಸಿ, ಅದೇ ಜಾಗ, ಅದೇ ಮೈಕು, ಅದೇ ಮಾತು ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿ. ನಟರು ಗೊಣಗುತ್ತಾರೆ, ಗೊಣಗಲಿ ಬಿಡಿ. ಎಡಿಟಿಂಗಿನಲ್ಲಿ ಅರ್ಧ ಸಿನಿಮಾ ಆ ಟ್ರ್ಯಾಕಿನಿಂದಲೇ ಬರುತ್ತದೆ.